ಅರ್ಜಿ ತುಂಬಿಕೊಟ್ಟ ಸೀನಿಯರ್

ಮೈಸೂರಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಅಮೆರಿಕದ ಸ್ಪೆಲಿಂಗ್ ಬೀ ಎಂಬ ಇಂಗ್ಲಿಷ್ ಕಾಗುಣಿತ ಸ್ಪರ್ಧೆಯಲ್ಲಿ ನಮ್ಮವರ ಮಕ್ಕಳೇ ಗೆಲ್ಲುತ್ತಾರೆ. ಅದು ಮನೆಯ ಸಂಸ್ಕಾರ. ಇಲ್ಲಿ ನಮ್ಮ ಮನೆಗೆಲಸದವಳ ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಓದನ್ನೇ ಬಿಟ್ಟ. ಆ ಜನಕ್ಕೆ ಓದಿನ ಆಸೆಯೇ ಇಲ್ಲ. ಸರ್ಕಾರ ಎಷ್ಟು ಕೊಟ್ಟರೇನು?’

ಸಂಸ್ಕಾರ ಲೆಕ್ಕಕ್ಕಿಲ್ಲ ಎನ್ನುವವನು ನಾನಲ್ಲ ಸ್ವಾಮಿ. ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತಾ ‘ಗಟ್ಟಿಯಾಗಿ ಓದು, ನನಗೆ ಕೇಳಬೇಕು’ ಎನ್ನುತ್ತಿದ್ದಳು. ನಾನು ಬಾಯಿಪಾಠ ಬಂದ ಪದ್ಯವನ್ನೇ ರಾಗ ಎಳೆದು ಯಾಮಾರಿಸುತ್ತಿದ್ದೆ. ಮೂರನೇ ದಿನ ಸಿಕ್ಕಿಬಿದ್ದೆ. ‘ಮೊನ್ನೆಯಿಂದ ಅದೇ ಹಾಡು. ಹಾಳೆ ತಿರುವೋ ಸಪ್ಪಳವೇ ಇಲ್ಲ!’ ಆಸೆ, ಕಾವಲು ಎರಡೂ ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ಆದರೆ ಹತ್ತನೇ ತರಗತಿ ಆದ ಮೇಲೆ ಸೈನ್ಸೋ ಆರ್ಟ್ಸೋ, ಸ್ಕಾಲರ್‌ಶಿಪ್ಪಿಗೆ ಯಾವ ಕಾಗದ ಬೇಕು, ಅದನ್ನು ಕೊಡುವವರು ಯಾರು, ಇದು ನಮ್ಮ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ನನ್ನ ಟ್ರಂಕಿನ ಪಕ್ಕ ಟ್ರಂಕಿಟ್ಟಿದ್ದ ಸೀನಿಯರ್ ಅರ್ಜಿಯನ್ನು ತಾನೇ ತುಂಬಿ, ‘ಸಹಿ ಮಾತ್ರ ನಿಂದು’ ಎಂದ. ಆ ಅರ್ಜಿಯಿಂದಲೇ ನಾನು ಇವತ್ತು ಈ ಕುರ್ಚಿಯಲ್ಲಿ ಕೂತಿರುವುದು.

ಈಗ ಸ್ಪೆಲಿಂಗ್ ಬೀಗೆ ಬರೋಣ. 2019ರಲ್ಲಿ ಜಂಟಿಯಾಗಿ ಗೆದ್ದ ಎಂಟು ಮಕ್ಕಳಲ್ಲಿ ಏಳು ಮಂದಿ ಭಾರತೀಯ ಮೂಲದವರು, ಒಪ್ಪಿದೆ. ಆದರೆ ಅಮೆರಿಕದ 1965ರ ವಲಸೆ ಕಾಯ್ದೆಯ ನಂತರ ಇಲ್ಲಿಂದ ಅಲ್ಲಿಗೆ ಹೋದವರಲ್ಲಿ ಡಾಕ್ಟರು, ಎಂಜಿನಿಯರುಗಳೇ ಹೆಚ್ಚು. ಜರಡಿ ಹಿಡಿದು ಆರಿಸಿದ ಜನ. ಸಾಲದ್ದಕ್ಕೆ, 1989ರಲ್ಲಿ ಶುರುವಾದ ನಾರ್ತ್ ಸೌತ್ ಫೌಂಡೇಶನ್ ಎಂಬ ಅಲ್ಲಿನ ಭಾರತೀಯರ ಸಂಸ್ಥೆ ಊರೂರಲ್ಲಿ ಸ್ಪರ್ಧೆ ನಡೆಸಿ ಮಕ್ಕಳನ್ನು ತಯಾರು ಮಾಡುತ್ತದೆ. ಮನೆಯ ಶಿಸ್ತು ಇದ್ದೇ ಇದೆ, ಅದಕ್ಕೆ ಹಿಂದೆ ಮುಂದೆ ಆನಿಕೆಯೂ ಇದೆ.

ನಿಮ್ಮ ಊರಿನ ಕಥೆಯನ್ನೇ ನೋಡಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಸಮಿತಿ ವಿದ್ಯಾರ್ಥಿವೇತನ, ಹಾಸ್ಟೆಲು ಕೇಳಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಉಳಿದ ಸಮುದಾಯಗಳಿಗೆ ಸಿಗಲಿ ಎಂದಿತು. ಅರ್ಹತೆ ಕೆಡುತ್ತದೆಂಬ ಆತಂಕ ವಿಶ್ವೇಶ್ವರಯ್ಯನವರಂಥವರಿಗೇ ಇತ್ತು, ಅವರು ದಿವಾನಗಿರಿಯನ್ನೇ ಬಿಟ್ಟರು. ಅಷ್ಟರಲ್ಲಾಗಲೇ 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಹುಟ್ಟಿದ್ದವು. ಮಠಗಳು ಊಟ ಹಾಕಿ ಓದಿಸಿದವು. ಮುತ್ತಜ್ಜ ಹೆಬ್ಬೆಟ್ಟು ಒತ್ತಿದ ಮನೆಗಳಲ್ಲಿ ಇಂದು ಮರಿಮಗಳು ಎಂಬಿಬಿಎಸ್. ಆ ಮನೆಗಳಿಗೆ ಓದಿನ ಸಂಸ್ಕಾರ ಇಲ್ಲವೆಂದು ಈಗ ಯಾರಾದರೂ ಹೇಳಲಿ ನೋಡೋಣ! ಅನ್ನ, ಚಾಪೆ, ದೀಪ ಮೊದಲು ಬಂದವು. ಸಂಸ್ಕಾರ ಅವುಗಳ ಬೆನ್ನಿಗೆ ಬಂತು.

ಇನ್ನು ಆ ಹುಡುಗ. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುವುದು ಅವನಿಗೆ ಗೊತ್ತೇ? ಕಳೆದುಕೊಂಡಿರುವುದು ಗಣಿತ ಒಂದೇ ತಾನೆ? ನಿಮ್ಮ ಪತ್ರದಲ್ಲಿ ಅವನ ಆಸೆಯ ಬಗ್ಗೆ ತೀರ್ಪಿದೆ, ಅವನನ್ನು ಕೇಳಿದ ಸುಳಿವಿಲ್ಲ. ನೀವು ಮೂವತ್ತು ವರ್ಷ ಗಣಿತ ಮೇಷ್ಟ್ರಾಗಿದ್ದವರೆಂದು ನೀವೇ ಬರೆದಿದ್ದೀರಿ. ನಾಳೆ ಅವನ ತಾಯಿ ಕೆಲಸಕ್ಕೆ ಬಂದಾಗ ಹುಡುಗನನ್ನೂ ಕರೆದುಕೊಂಡು ಬರಲು ಹೇಳಿ.