ಓದುಗರ ಪ್ರಶ್ನೆ: ಕಂಪನಿ ವಿಡಿಯೋ ಮನಸ್ಸಿಗೆ ತಟ್ಟುವುದು ಯಾವಾಗ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ತಂದೆ ಶುರು ಮಾಡಿದ ಸಣ್ಣ ಫೌಂಡ್ರಿ ಇದೆ. ಈ ವರ್ಷ 30 ತುಂಬಿತು ಅಂತ ಒಂದು ವಿಡಿಯೋ ಮಾಡಿಸಿದೆವು. ಡ್ರೋನ್ ಶಾಟ್, ಪಿಯಾನೋ, 'ಗುಣಮಟ್ಟವೇ ನಮ್ಮ ಉಸಿರು' ಅನ್ನುವ ಗಂಭೀರ ದನಿ, ಎಲ್ಲಾ ಇದೆ. ನೋಡಿದವರು ಚೆನ್ನಾಗಿದೆ ಅಂದು ಸುಮ್ಮನಾದರು. ಅಪ್ಪನಿಗೆ ಈಗ 71. ಇವತ್ತಿಗೂ ಎರಕ ಹೊಯ್ಯುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ವಿಡಿಯೋ ನೋಡಿ ಅವರು ಒಂದು ಮಾತೂ ಆಡಲಿಲ್ಲ. ಎಲ್ಲಿ ತಪ್ಪಿದೆವು?
- ಓದುಗರು, ಬೆಳಗಾವಿ

ಉತ್ತರ: ಅಪ್ಪ ಎರಕದ ಹೊತ್ತಿಗೆ ಬಂದು ನಿಲ್ಲುತ್ತಾರೆ ಅಂತ ಬರೆದಿದ್ದೀರಲ್ಲ, ಅದು ವಿಡಿಯೋದಲ್ಲಿ ಇದೆಯಾ? ಇರಲಿಕ್ಕಿಲ್ಲ. 'ಗುಣಮಟ್ಟವೇ ಉಸಿರು' ಅನ್ನುವ ಮಾತನ್ನು ಪಕ್ಕದ ಶೆಡ್‌ನವರೂ ಹೇಳಬಹುದು, ಬಿಸ್ಕತ್ತು ಮಾಡುವವರೂ ಹೇಳಬಹುದು. ಆದರೆ 1400 ಡಿಗ್ರಿ ಆಸುಪಾಸಿನಲ್ಲಿ ಕರಗಿದ ಕಬ್ಬಿಣ ಲ್ಯಾಡಲ್ ಅನ್ನುವ ದೊಡ್ಡ ಸೌಟಿನಿಂದ ಮರಳಿನ ಅಚ್ಚಿಗೆ ಇಳಿಯುವಾಗ, 71 ವರ್ಷದ ಒಬ್ಬ ಮನುಷ್ಯ ಯಾರ ಹತ್ತಿರವೂ ಮಾತಾಡದೆ ಅದರ ಬಣ್ಣವನ್ನೇ ನೋಡುತ್ತಾ ನಿಂತಿರುವುದು ನಿಮ್ಮ ಫೌಂಡ್ರಿಯಲ್ಲಿ ಮಾತ್ರ ಸಿಗುತ್ತದೆ.

2016ರ ಕೊನೆಯಲ್ಲಿ ಸ್ಯಾಮ್‌ಸಂಗ್ ಇಂಡಿಯಾ ತನ್ನ ಸರ್ವಿಸ್ ವ್ಯಾನ್ ಬಗ್ಗೆ ಸುಮಾರು ನಾಲ್ಕು ನಿಮಿಷದ ಜಾಹೀರಾತು ಬಿಟ್ಟಿತ್ತು, ನೆನಪಿರಬಹುದು. ಗುಡ್ಡದ ದಾರಿಯಲ್ಲಿ ಒಬ್ಬ ಹುಡುಗ ಟಿವಿ ರಿಪೇರಿಗೆ ಹೊರಡುತ್ತಾನೆ, ತಲುಪುವುದು ಕಣ್ಣು ಕಾಣದ ಮಕ್ಕಳ ಹಾಸ್ಟೆಲ್‌ಗೆ, ಅವರ ಗೆಳತಿ ಟಿವಿಯಲ್ಲಿ ಹಾಡುವ ಹೊತ್ತಿಗೆ. ಯೂಟ್ಯೂಬ್‌ನಲ್ಲಿ ಅದನ್ನು ಹತ್ತು ಕೋಟಿಗೂ ಜಾಸ್ತಿ ಸಲ ನೋಡಿದ್ದಾರೆ. ಮಕ್ಕಳನ್ನು ತೋರಿಸಿ ಅಳಿಸಿದರು ಅಂತ ಕೆಲವರು ಅಂದರು, ನಾನು ಒಪ್ಪುವುದಿಲ್ಲ. ಆ ವ್ಯಾನ್ ಅಷ್ಟು ದೂರ ಬರದಿದ್ದರೆ ಕಥೆಯೇ ಇಲ್ಲ. 'ಎಲ್ಲಿದ್ದರೂ ಬರುತ್ತೇವೆ' ಅನ್ನುವುದೇ ಕಂಪನಿ ಹೇಳಬೇಕಿದ್ದ ಮಾತು, ನಮ್ಮ ಕಣ್ಣು ತುಂಬಿದ್ದೂ ಅದರಿಂದಲೇ. 2013ರಲ್ಲಿ ಬಂದ ಗೂಗಲ್ ಜಾಹೀರಾತೂ ಹಾಗೇ. ದೇಶ ಇಬ್ಭಾಗ ಆದಾಗ ಬೇರೆಯಾದ ತಾತನ ಗೆಳೆಯನನ್ನು ದೆಹಲಿಯ ಮೊಮ್ಮಗಳು ಗೂಗಲ್‌ನಲ್ಲಿ ಹುಡುಕಿ, ಲಾಹೋರಿನಲ್ಲಿ ಇದ್ದಾನೆ ಅಂತ ಪತ್ತೆ ಮಾಡುತ್ತಾಳೆ. ಹುಡುಕಾಟವನ್ನು ತೆಗೆದುಬಿಟ್ಟರೆ ಇಬ್ಬರು ಮುದುಕರು ಸೇರುವುದೇ ಇಲ್ಲ. ನಿಮ್ಮ ವಿಡಿಯೋಗೂ ಇದನ್ನೇ ಕೇಳಿಕೊಳ್ಳಿ: ಇದರಿಂದ ಎರಕದ ಕೆಲಸವನ್ನು ತೆಗೆದರೆ ಏನಾದರೂ ಕೆಡುತ್ತದಾ? ಈಗಿರುವುದರಲ್ಲಿ ಏನೂ ಕೆಡುವುದಿಲ್ಲ ಅಲ್ವಾ?

ಮತ್ತೆ ಶೂಟ್ ಮಾಡಿಸಿ, ಒಂದೇ ದಿನ ಸಾಕು. ಅಪ್ಪನಿಗೆ '30 ವರ್ಷದ ಪಯಣ ಹೇಗನಿಸುತ್ತದೆ' ಅಂತ ಮಾತ್ರ ಕೇಳಬೇಡಿ, 'ತುಂಬಾ ಖುಷಿ' ಅನ್ನುತ್ತಾರೆ, ಮುಗಿಯಿತು. ಮೊದಲ ಎರಕದ ದಿನ ಯಾರ್‍ಯಾರು ಇದ್ದರು, ಅಚ್ಚು ಒಡೆದಾಗ ಒಳಗೆ ಏನು ಕಂಡಿತು, ಕೆಟ್ಟ ಮಾಲನ್ನು ಏನು ಮಾಡಿದಿರಿ, ಅವತ್ತು ರಾತ್ರಿ ಮನೆಯಲ್ಲಿ ಏನು ಹೇಳಿದಿರಿ ಅಂತ ಕೇಳಿ. ನಡೆದದ್ದನ್ನು ಕೇಳಿದರೆ ಅನಿಸಿದ್ದು ತಾನಾಗೇ ಹಿಂದೆ ಬರುತ್ತದೆ. ಅವರು ಮರಾಠಿ ಬೆರೆಸಿ ಮಾತಾಡಿದರೆ ಹಾಗೇ ಬಿಡಿ, ಕೆಳಗೆ ಸಬ್‌ಟೈಟಲ್ ಹಾಕಿದರಾಯಿತು. ತಿದ್ದಿಸಿದ ಮಾತಿನಲ್ಲಿ ಅವರು ಇರುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಉತ್ತರ ಮುಗಿದ ಮೇಲೆ ಐದು ಎಣಿಸುವ ತನಕ ಕ್ಯಾಮೆರಾ ನಿಲ್ಲಿಸಬೇಡಿ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಳ್ಳೆಯ ಮಾತು ಬಂದಿರುವುದು ಆ ಐದರ ಒಳಗೇ, 'ಇಷ್ಟೇ' ಅಂದು ಒಂದು ಕ್ಷಣ ಬಿಟ್ಟು ಮತ್ತೆ ಶುರು ಮಾಡಿದಾಗ. ಫರ್ನೆಸ್ಸಿನ ಗುಯ್‌ಗುಟ್ಟುವ ಸದ್ದು, ಅಚ್ಚಿನ ಮರಳು ಉದುರುವ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ಎಡಿಟ್‌ನಲ್ಲಿ ಸಂಗೀತವೇ ಬೇಡ. ಬರೀ ಆ ಸದ್ದಿನಲ್ಲಿ ನೋಡಿದಾಗ ಏನೂ ಅನಿಸದಿದ್ದರೆ ಪಿಯಾನೋ ಹಾಕಿದರೂ ಅನಿಸುವುದಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್. ಕ್ಯಾಮೆರಾ ಮುಂದೆ ಕೂತರೆ ಸಹೋದ್ಯೋಗಿಗಳು ಬಾಯಿಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ. ಪ್ರಶ್ನೆಗಳನ್ನು ಮೊದಲೇ ಕಳಿಸಿರುತ್ತೇನೆ, ಆದರೂ ಹೀಗೇ.
- ಓದುಗರು, ಬೆಂಗಳೂರು

ಉತ್ತರ: ಮೊದಲೇ ಕಳಿಸುವುದರಿಂದಲೇ ಹೀಗಾಗುತ್ತಿದೆ. ವಿಷಯ ಹೇಳಿ, ಪ್ರಶ್ನೆ ಕೊಡಬೇಡಿ. ಲೆನ್ಸ್ ಪಕ್ಕದಲ್ಲೇ, ಅವರ ಕಣ್ಣಿನ ಎತ್ತರಕ್ಕೆ ನೀವು ಕೂತುಕೊಳ್ಳಿ. ಕನ್ನಡದವರಾದರೆ ಕನ್ನಡದಲ್ಲೇ ಕೇಳಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಮೊದಲ ಫೋನ್ ಯಾರಿಗೆ ಮಾಡಿದಿರಿ ಅಂತ ಶುರು ಮಾಡಿದರೆ ಬಾಯಿಪಾಠಕ್ಕೆ ಜಾಗವೇ ಇರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಪ್ಯಾಕಿಂಗ್ ಮಾಡುವ ಒಬ್ಬ ಹೆಂಗಸಿನ ಮಗುವಿನ ಆಪರೇಷನ್‌ಗೆ ಕಂಪನಿ ದುಡ್ಡು ಕೊಟ್ಟಿತ್ತು. ಅವರು ಅದನ್ನು ಹೇಳುತ್ತಾ ಅತ್ತದ್ದು ರೆಕಾರ್ಡ್ ಆಗಿದೆ. ವಾರ್ಷಿಕೋತ್ಸವದಲ್ಲಿ ಅದೇ ಬೇಕು ಅಂತ ಮಾಲೀಕರು ಹಟ ಹಿಡಿದಿದ್ದಾರೆ.
- ಹೆಸರು ಬೇಡ, ಮೈಸೂರು

ಉತ್ತರ: ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ. ಬಹಳ ಹಿಂದೆ ಒಂದು ಕಾರ್ಖಾನೆಗಾಗಿ ಮಾಡಿದ ವಿಡಿಯೋದಲ್ಲಿ, ಗಂಡ ತೀರಿಕೊಂಡ ಮೇಲೆ ಅದೇ ಮಷಿನ್‌ಗೆ ಕೆಲಸಕ್ಕೆ ಬಂದ ಒಬ್ಬರು ಅತ್ತದ್ದನ್ನು ಹಾಗೇ ಇಟ್ಟಿದ್ದೆ. ಅವರು ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಕಾರ್ಯಕ್ರಮದ ದಿನ ಮುನ್ನೂರು ಜನರ ಮಧ್ಯೆ ತಮ್ಮ ಮುಖ ಅಷ್ಟು ದೊಡ್ಡದಾಗಿ ಕಂಡ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಪಕ್ಕದಲ್ಲಿ ಕೂತಿದ್ದ ಮಗನೂ ಅವರ ಹಿಂದೆಯೇ ಹೋದ. ಆ ಹುಡುಗ ಬಾಗಿಲ ಹತ್ತಿರ ಒಮ್ಮೆ ಪರದೆ ಕಡೆ ತಿರುಗಿ ನೋಡಿದ್ದು ನನಗೆ ಇನ್ನೂ ಮರೆತಿಲ್ಲ. ಸಹಿ ಹಾಕಿಸಿದ್ದು ಮೇಲಿನವರ ಎದುರಿಗೆ, ಅಲ್ಲಿ ಬೇಡ ಅನ್ನಲು ಅವರಿಗೆ ಎಲ್ಲಿಯ ಧೈರ್ಯ?

ಮಾಲೀಕರಿಗೆ ಇದನ್ನು ಹೇಳಿ. ಆಮೇಲೆ ಅವರೂ ಸೂಪರ್‌ವೈಸರೂ ಇಲ್ಲದ ಹೊತ್ತಿನಲ್ಲಿ, ಆ ತಾಯಿಗೆ ಪೂರ್ತಿ ವಿಡಿಯೋ ತೋರಿಸಿ. ಬೇಕಾದರೆ ಮನೆಯವರನ್ನೂ ಕರೆಸಲಿ. ಒಂದು ರಾತ್ರಿ ಯೋಚನೆ ಮಾಡಲು ಬಿಟ್ಟು ಮರುದಿನ ಕೇಳಿ. ಅಳು ಇಲ್ಲದ, ಅವರು ಮಗುವಿನ ಬಗ್ಗೆ ಮಾತಾಡುವ ಭಾಗ ಮಾತ್ರ ಇರುವ ಇನ್ನೊಂದು ಕಟ್ ಈಗಲೇ ಮಾಡಿಟ್ಟುಕೊಳ್ಳಿ. ಅವರು ಬೇಡ ಅಂದರೆ, ಅಥವಾ ಹೂಂ ಅನ್ನಲು ಸ್ವಲ್ಪ ತಡವರಿಸಿದರೂ, ಅದನ್ನೇ ಹಾಕಿ.