ಸೇನೆ ಬಿಟ್ಟು ಹತ್ತು ವರ್ಷವಾದ ಮೇಲೆ ಸ್ಲೀಪ್ ಆಪ್ನಿಯಾ ಪತ್ತೆಯಾದರೆ ವಿಎ ಪರಿಹಾರ ಸಿಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ಯಜಮಾನರು ಅಮೆರಿಕ ಸೇನೆಯಲ್ಲಿ ಎಂಟು ವರ್ಷ ಇದ್ದರು, ಇರಾಕ್‌ಗೂ ಹೋಗಿ ಬಂದರು, 2014ರಲ್ಲಿ ಹೊರಬಂದರು. ಗೊರಕೆ ಆಗಲೇ ಇತ್ತು, ಸ್ಲೀಪ್ ಆಪ್ನಿಯಾದ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ) ಟೆಸ್ಟ್ ಮಾತ್ರ ಆಗಿರಲಿಲ್ಲ. ಈಗ ಮಾಡಿಸಿದರೆ ಅಲ್ಲಿನ ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಒಪ್ಪುತ್ತದೆಯೇ?

ಒಪ್ಪಬಹುದು. ಆದರೆ ಟೆಸ್ಟ್ ಅರ್ಧ ಕೆಲಸ. ಕಾಯಿಲೆ ಇದೆ ಎಂದು ತೋರಿಸುವುದು ಸುಲಭ, ಅದಕ್ಕೂ ಸೇವೆಗೂ ನಂಟಿದೆ ಎಂದು ತೋರಿಸುವುದೇ ಕಷ್ಟ. ಅರ್ಜಿ ಮುಗ್ಗರಿಸುವುದು ಅಲ್ಲೇ.

ಮೊದಲು 21-0966 ಫಾರಂ ಹಾಕಿಬಿಡಿ. ‘ಅರ್ಜಿ ಹಾಕಲಿದ್ದೇನೆ’ ಎಂದು ತಿಳಿಸುವ ಒಂದು ಹಾಳೆ ಅಷ್ಟೇ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ (21-526ಇಜೆಡ್) ಹಾಕಿ ಮಂಜೂರಾದರೆ, ಹಣದ ಲೆಕ್ಕ ಸಾಮಾನ್ಯವಾಗಿ ಈ ಹಾಳೆಯ ತಾರೀಖಿನಿಂದ ಶುರುವಾಗುತ್ತದೆ.

ಇನ್ನು ಟೆಸ್ಟ್. ಫೋನಿನಲ್ಲಿ ಹಿಡಿದ ಗೊರಕೆ, ಸ್ಮಾರ್ಟ್‌ವಾಚ್‌ನ ಗ್ರಾಫ್ ಯಾವುದೂ ನಡೆಯುವುದಿಲ್ಲ, ಸ್ಲೀಪ್ ಸ್ಟಡಿಯೇ ಬೇಕು. ವಿಎ ವೈದ್ಯರನ್ನು ಕೇಳಿದರೆ ಅವರೇ ಬರೆದುಕೊಡುತ್ತಾರೆ, ಖಾಸಗಿಯಾಗಿ ಮಾಡಿಸಿದ್ದೂ ನಡೆಯುತ್ತದೆ. ಸಾಮಾನ್ಯವಾಗಿ ಮೊದಲು ಮನೆಗೆ ಕಿಟ್ ಬರುತ್ತದೆ: ಮೂಗಿಗೆ ಸಣ್ಣ ಕೊಳವೆ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಜನ್ ಕ್ಲಿಪ್. ಉಸಿರು ಕನಿಷ್ಠ 10 ಸೆಕೆಂಡ್ ನಿಂತದ್ದನ್ನೂ ಅಷ್ಟು ಹೊತ್ತು ತೀರಾ ಕಡಿಮೆಯಾದದ್ದನ್ನೂ ಎಣಿಸಿ, ಗಂಟೆಗೆ ಎಷ್ಟು ಸಲ ಎಂದು ಹೇಳುವ ಅಂಕಿಯೇ ಎಎಚ್‌ಐ. 5ರಿಂದ 14 ಸೌಮ್ಯ, 15ರಿಂದ 29 ಮಧ್ಯಮ, 30 ಮತ್ತು ಮೇಲೆ ತೀವ್ರ.

ಮನೆ ಕಿಟ್‌ನ ತೊಂದರೆ ಏನೆಂದರೆ, ಬಹುಪಾಲು ಕಿಟ್‌ಗಳಿಗೆ ಮನುಷ್ಯ ನಿಜಕ್ಕೂ ಯಾವಾಗ ನಿದ್ದೆ ಹೋದ ಎಂಬುದು ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ 8 ಗಂಟೆ, ಉಸಿರು ತಪ್ಪಿದ್ದು 36 ಸಲ ಎಂದರೆ ಅಂಕಿ 4.5, ಕಾಯಿಲೆ ಇಲ್ಲ ಎಂದೇ ವರದಿ ಬರುತ್ತದೆ. ಅದೇ ರಾತ್ರಿ ಅವರು ನಿದ್ದೆ ಮಾಡಿದ್ದು ಐದೇ ಗಂಟೆಯಾಗಿದ್ದರೆ ಸರಿಯಾದ ಅಂಕಿ 7.2. ಆದ್ದರಿಂದ ಮನೆ ಟೆಸ್ಟ್‌ನಲ್ಲಿ ಏನೂ ಸಿಗದಿದ್ದರೆ ಸುಮ್ಮನಾಗಬೇಡಿ, ಲ್ಯಾಬ್‌ನಲ್ಲಿ ರಾತ್ರಿ ಮಲಗಿಸಿ ಮಾಡುವ ಟೆಸ್ಟ್ ಕೇಳಿ. ಅಲ್ಲಿ ತಲೆಗೆ ವೈರ್ ಅಂಟಿಸಿ ನಿದ್ದೆಯನ್ನೇ ಅಳೆಯುತ್ತಾರೆ.

ಈಗ ನಂಟಿನ ವಿಷಯ. ನೇರ ದಾರಿಯಲ್ಲಿ, ಅಂದರೆ ಕಾಯಿಲೆ ಸೇವೆಯಲ್ಲಿದ್ದಾಗಲೇ ಶುರುವಾಯಿತು ಎಂದು ತೋರಿಸುವಾಗ, ನಿಮ್ಮ ಹೇಳಿಕೆಗೆ ಬೆಲೆ ಇದೆ (ಫಾರಂ 21-10210). ‘ನನ್ನ ಗಂಡನಿಗೆ ಆಗಲೇ ಸ್ಲೀಪ್ ಆಪ್ನಿಯಾ ಇತ್ತು’ ಎಂದು ಬರೆದರೆ ಪ್ರಯೋಜನವಿಲ್ಲ, ರೋಗದ ಹೆಸರು ಹೇಳುವುದು ವೈದ್ಯರ ಕೆಲಸ. ಕಂಡದ್ದು, ಕೇಳಿದ್ದು ಬರೆಯಿರಿ: ‘2012ರಲ್ಲಿ ಬೇಸ್‌ನ ಕ್ವಾರ್ಟರ್ಸ್‌ನಲ್ಲಿದ್ದಾಗ ವಾರಕ್ಕೆ ಮೂರ್ನಾಲ್ಕು ರಾತ್ರಿ ಗೊರಕೆ ಗಕ್ಕನೆ ನಿಲ್ಲುತ್ತಿತ್ತು, ನಾನು ಹದಿನೈದು ಎಣಿಸುವ ಹೊತ್ತಿಗೆ ಉಸಿರುಗಟ್ಟಿದವರ ಹಾಗೆ ಎದ್ದು ಕೂರುತ್ತಿದ್ದರು’. ಇಸವಿ, ಜಾಗ, ಎಷ್ಟು ಸಲ, ಇಷ್ಟಿರಲಿ. ಜತೆಗೆ ಮಲಗುತ್ತಿದ್ದ ಸಹಸೈನಿಕರಿಂದಲೂ ಒಂದೆರಡು ಬರೆಸಿ. ಆಗ ಬಂದು ಇದ್ದ ಅತ್ತೆಯವರು ನೋಡಿದ್ದರೆ ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಅನುವಾದ ಲಗತ್ತಿಸಿ.

ಇರಾಕ್‌ಗೆ ಹೋದವರಿಗೆ ಇನ್ನೊಂದು ದಾರಿಯಿದೆ, ನನ್ನ ಮಟ್ಟಿಗೆ ಇದೇ ಗಟ್ಟಿ. ವಿಷಕಾರಿ ಹೊಗೆ, ರಾಸಾಯನಿಕಕ್ಕೆ ಒಡ್ಡಿಕೊಂಡ ಸೈನಿಕರಿಗಾಗಿ ಬಂದ 2022ರ ಪ್ಯಾಕ್ಟ್ ಕಾಯ್ದೆಯಲ್ಲಿ, ಸೇವೆಯಿಂದಲೇ ಬಂದವು ಎಂದು ವಿಎ ಒಪ್ಪಿಕೊಳ್ಳುವ ಕಾಯಿಲೆಗಳ ಪಟ್ಟಿಯಿದೆ; ಅದರಲ್ಲಿ ಸ್ಲೀಪ್ ಆಪ್ನಿಯಾ ಇಲ್ಲ (ಇದೆ ಎಂದು ಹೇಳುವವರನ್ನು ನಂಬಬೇಡಿ), ಆದರೆ ದೀರ್ಘಕಾಲದ ರೈನೈಟಿಸ್ (ಮೂಗಿನ ಒಳಪದರದ ಉರಿಯೂತ), ಸೈನಸೈಟಿಸ್, ಆಸ್ತಮಾ ಇವೆ. ಅವರಿಗೆ ವರ್ಷವಿಡೀ ಮೂಗು ಕಟ್ಟಿದ್ದರೆ ಮೊದಲು ರೈನೈಟಿಸ್‌ಗೆ ಸೇವೆಯ ನಂಟು ಪಡೆದು, ಅದರಿಂದ ಆಪ್ನಿಯಾ ಬಂತು ಅಥವಾ ಉಲ್ಬಣಿಸಿತು ಎಂದು ವಾದಿಸಬಹುದು. ಪಿಟಿಎಸ್‌ಡಿ (ಯುದ್ಧದಂಥ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಮೂಲಕವೂ ಹೋಗಬಹುದು. ಮಂಡಿನೋವಿಗೆ ಈಗಾಗಲೇ ಮಂಜೂರಾತಿ ಇದ್ದರೆ ಮಂಡಿನೋವು, ಓಡಾಟ ನಿಂತಿದ್ದು, ತೂಕ ಏರಿದ್ದು, ಆಪ್ನಿಯಾ ಎಂಬ ಸರಪಳಿಯನ್ನೂ ವಿಎ ಪರಿಗಣಿಸುತ್ತದೆ.

ಯಾವ ದಾರಿಯಾದರೂ ವೈದ್ಯರ ಪತ್ರ ಬೇಕು. ಅದರಲ್ಲಿ ‘ನಂಟು ಇರುವ ಸಾಧ್ಯತೆ ಕನಿಷ್ಠ 50%’ ಎಂಬ ಮಾತು, ದಾಖಲೆಗಳನ್ನು ಓದಿದ್ದೇನೆ ಎಂಬ ಮಾತು, ಜೊತೆಗೆ ಕಾರಣ. ‘ಸಂಬಂಧ ಇರಬಹುದು’ ಎಂಬಷ್ಟೇ ಒಂದು ಸಾಲಿನ ಪತ್ರ ಕಸದ ಬುಟ್ಟಿಗೆ. ಅರ್ಜಿಯನ್ನು ಪರಿಶೀಲಿಸಲು ವಿಎ ಕರೆದ ಸಿ ಅಂಡ್ ಪಿ ವೈದ್ಯಕೀಯ ತಪಾಸಣೆಯನ್ನಂತೂ ತಪ್ಪಿಸಲೇಬೇಡಿ.

ಪರಿಹಾರ ಎಷ್ಟು ಎಂಬುದು ರೇಟಿಂಗ್ (ವೈಕಲ್ಯದ ಶೇಕಡಾವಾರು) ಮೇಲಿದೆ. ಆಪ್ನಿಯಾದ ರೇಟಿಂಗ್ ಕೋಡ್ 6847: ಲಕ್ಷಣವಿಲ್ಲದಿದ್ದರೆ 0, ಹಗಲಲ್ಲಿ ಬಿಡದ ತೂಕಡಿಕೆಗೆ 30%, ಸಿಪ್ಯಾಪ್‌ನಂಥ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತುವ) ಯಂತ್ರ ಅಗತ್ಯವಾದರೆ 50%. ಯಂತ್ರ ‘ವೈದ್ಯಕೀಯವಾಗಿ ಅಗತ್ಯ’ ಎಂದು ವೈದ್ಯರು ಬರೆದಿರಬೇಕು. ಆಸ್ತಮಾ ರೇಟಿಂಗ್ ಇದಕ್ಕೆ ಕೂಡುವುದಿಲ್ಲ, ಎರಡರಲ್ಲಿ ಪ್ರಧಾನವಾದ ಕಾಯಿಲೆಗಷ್ಟೇ ಒಂದು ರೇಟಿಂಗ್; ರೈನೈಟಿಸ್ ಮಾತ್ರ ಪ್ರತ್ಯೇಕ. ಈ ಕೋಷ್ಟಕವನ್ನು ಬಿಗಿಗೊಳಿಸುವ ಪ್ರಸ್ತಾಪ 2022ರಲ್ಲೇ ಹೊರಬಂದಿದೆ, ಹಾಗಾಗಿ ಮುಂದೂಡಬೇಡಿ.

ಅರ್ಜಿ ತುಂಬಲು ಡಿಎವಿ, ವಿಎಫ್‌ಡಬ್ಲ್ಯು ಎಂಬ ಮಾಜಿ ಸೈನಿಕರ ಸಂಘಟನೆಗಳು ಅಥವಾ ಕೌಂಟಿಯ ವೆಟರನ್ಸ್ ಸರ್ವಿಸ್ ಆಫೀಸರ್ ಬಳಿ ಹೋಗಿ, ಪುಕ್ಕಟೆ. ಮೊದಲ ಅರ್ಜಿಗೇ ಶುಲ್ಕ ಕೇಳುವವರಿಂದ ದೂರವಿರಿ, ಅದು ಕಾನೂನುಬಾಹಿರ. ತಿರಸ್ಕಾರವಾದರೆ ಪತ್ರದಲ್ಲಿ ಯಾವ ಕೊಂಡಿ ಇಲ್ಲವೆಂದಿದ್ದಾರೆ ನೋಡಿ, ಅದಕ್ಕೆ ಹೊಸ ಸಾಕ್ಷ್ಯ ಸೇರಿಸಿ ಒಂದು ವರ್ಷದೊಳಗೆ ಪೂರಕ ಅರ್ಜಿಯ ಫಾರಂ 20-0995 ಹಾಕಿ. ಆ ಗಡುವಿನಲ್ಲಿ ಹಾಕಿದರೆ ಹಳೆಯ ತಾರೀಖು ಉಳಿಯುತ್ತದೆ.