ತಂದೆಯ ಕಾಲಿನ ಶಕ್ತಿಗೆ ಯಾವ ಪ್ರೋಟೀನ್ ಪೌಡರ್ ಒಳ್ಳೆಯದು?

ಪೌಡರ್ ಆಮೇಲೆ. ದಿನಾ ತೋಟ ಸುತ್ತಿ ಬರುವ 68 ವರ್ಷದ ಅಪ್ಪ, ಕುರ್ಚಿಯಿಂದ ಏಳುವಾಗ ಮಾತ್ರ ಎರಡೂ ಕೈ ಊರುತ್ತಾರೆ ಅಂದಿರಲ್ಲ, ಅದು ನನ್ನದೇ ಕತೆ.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಅರವತ್ತು ದಾಟಿದ ಮೇಲೆ ಶುಗರ್ ಬಂತು. ಹೆದರಿ ಹಂದಿ, ಕೋಳಿ, ಕೊನೆಗೆ ಮೊಟ್ಟೆಯನ್ನೂ ಬಿಟ್ಟೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಚಟ್ನಿ, ರಾತ್ರಿ ಗಂಜಿ ಉಪ್ಪಿನಕಾಯಿ. ಆಳುಗಳಿದ್ದಾರಲ್ಲ ಅಂತ ಮೂಟೆ ಮುಟ್ಟುವುದೂ ನಿಂತಿತು. ನಡಿಗೆ ಮಾತ್ರ ತಪ್ಪಿಸಲಿಲ್ಲ. ತೂಕ ಇಳಿಯಿತು. ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ 'ಸಣ್ಣ ಆಗಿದ್ದೀರಿ, ಒಳ್ಳೇದಾಯ್ತು' ಅಂದರು, ನಾನೂ ಉಬ್ಬಿದೆ. ನನ್ನನ್ನು ಕೆಡಿಸಿದ್ದು ಆ ಉಬ್ಬುವಿಕೆಯೇ. ಇಳಿದದ್ದು ಕೊಬ್ಬು ಅಂದುಕೊಂಡಿದ್ದೆ. ಪ್ರೋಟೀನ್ ಕಡಿಮೆ, ಭಾರ ಎತ್ತುವ ಕೆಲಸ ಇಲ್ಲ ಅಂದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಪ್ಯಾಂಟು ತೊಡೆಯಲ್ಲಿ ಜೋಲು, ಹೊಟ್ಟೆಯಲ್ಲಿ ಬಿಗಿ. ಅದನ್ನು ದಿನಾ ಹಾಕಿಕೊಳ್ಳುವ ನನಗೇ ಹೊಳೆಯಲಿಲ್ಲ! ಮೆಣಸು ಕೊಯ್ಲಿನ ಸಮಯದಲ್ಲಿ ಕಣದ ಮೆಟ್ಟಿಲಿಳಿಯುವಾಗ ಕಾಲು ಕೈಕೊಟ್ಟಿತು, ಮಣಿಕಟ್ಟು ಮುರಿಯಿತು. ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂತಾಗ ಉಳಿದಿದ್ದ ಬಲವೂ ಹೋಯಿತು.

ಮಡಿಕೇರಿಯಲ್ಲಿ ಫಿಸಿಯೋಥೆರಪಿಸ್ಟ್ ಮೊದಲು ಮಾಡಿಸಿದ್ದು ಇಷ್ಟೇ: ಕೈ ಎದೆಗೆ ಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕುಂದಿದೆ ಅಂತ ಲೆಕ್ಕ. ವಯಸ್ಸಾದಂತೆ ಹೀಗೆ ಸ್ನಾಯು ಸವೆಯುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. ಕುರ್ಚಿಯನ್ನು ಗೋಡೆಗೆ ಒರಗಿಸಿ ನಿಮ್ಮ ತಂದೆಗೂ ಮಾಡಿಸಿ ನೋಡಿ, ಪಕ್ಕದಲ್ಲೇ ನಿಂತಿರಿ.

ನಡಿಗೆ ಹೃದಯಕ್ಕೆ, ಶುಗರಿಗೆ ಒಳ್ಳೆಯದು. ತೊಡೆಗೆ ಅದು ಸಾಲದು, ಭಾರ ಬೇಕು. ವಾರಕ್ಕೆ ಎರಡು ಮೂರು ದಿನ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ನೀರು ತುಂಬಿದ ಕ್ಯಾನ್ ಎತ್ತುವುದು. ಸಲೀಸಾದ ಹಾಗೆ ಭಾರ ಏರಿಸಬೇಕು. ಈ ವಯಸ್ಸಿನಲ್ಲಿ ಯಾಕೆ ಅನ್ನಬೇಡಿ: 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನವರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು.

ಊಟದಲ್ಲಿ ದೇಹದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್, ಅದನ್ನು ಮೂರು ಹೊತ್ತಿಗೂ ಹಂಚಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಮೀನು, ಕೋಳಿ, ಹುರುಳಿ, ಕಡಲೆ, ಮೊಸರು ಎಲ್ಲ ನಡೆಯುತ್ತದೆ. ಹಂದಿ ಕರಿಯಾದರೆ ಕೊಬ್ಬು ಬದಿಗಿಡಲಿ. ಇಷ್ಟೂ ತಿನ್ನಲಾಗದವರಿಗೆ ಮಾತ್ರ ಪೌಡರ್. ಬರೀ ಪೌಡರ್ ಕುಡಿದು ನಡೆದಾಡಿದರೆ ದುಡ್ಡು ದಂಡ.

ಪ್ರೋಟೀನ್ ಏರಿಸುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಶುಗರ್ ಇದ್ದರಂತೂ ಇದನ್ನು ಮುಂದಕ್ಕೆ ಹಾಕಲೇಬೇಡಿ.